ಮಳೆಗಾಲದ ಕೋವಿ: ಪಳಗಿಸುವ ಬಗೆ, ಕೈಕೊಟ್ಟರೆ ಕಾರಣ ಹುಡುಕುವ ಬಗೆ

ಕೊಡಗಿನ ಗಡಿಯ ಸಂಪಾಜೆಯಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸರಿಯಾಗಿ ಬಿಡುವುದಿಲ್ಲ. ಭರಣಿಯ ಉಪ್ಪು ನೀರೊಡೆಯುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ತಣ್ಣಗೇ ಇರುತ್ತದೆ. ಇವೆಲ್ಲ ಕಣ್ಣಿಗೆ ಬೀಳುವ ಕೆಡುಕು. ಕಣ್ಣಿಗೆ ಬೀಳದೆ ಕೆಡುವುದು ಬೀರುವಿನ ಮೂಲೆಯಲ್ಲಿ ನಿಲ್ಲಿಸಿಟ್ಟ ಕೋವಿ. ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬವಾದ ಕೈಲ್‌ಮುಹೂರ್ತಕ್ಕೆ ಒರೆಸಿ ಪೂಜೆಗಿಡಲು ಹೊರತೆಗೆದಾಗ ಗೊತ್ತಾಗುತ್ತದೆ: ಮುರಿದು ತೆರೆಯಲು ಹೋದರೆ ಬಿಗಿ, ನಳಿಗೆಯೊಳಗೆ ಕಂದುಬಣ್ಣದ ಚುಕ್ಕಿ, ಕಳೆದ ವರ್ಷ ಸಲೀಸಾಗಿ ಒಳಹೋಗುತ್ತಿದ್ದ ತೋಟೆ ಈ ವರ್ಷ ಅರ್ಧಕ್ಕೇ ನಿಲ್ಲುತ್ತದೆ.

ಆಗ ಎರಡು ತಪ್ಪು ನಡೆಯುತ್ತವೆ. ಒಂದು, ಒತ್ತಿ ತುರುಕುವುದು. ಇನ್ನೊಂದು, ಸ್ಕ್ರೂಡ್ರೈವರ್ ಹಿಡಿದು ಕೂರುವುದು. ಕೋವಿಯ ತೊಂದರೆಗಳಲ್ಲಿ ಹೆಚ್ಚಿನವು ಒರೆಸುವ ಬಟ್ಟೆಯಿಂದಲೋ ತೋಟೆ ಬದಲಿಸುವುದರಿಂದಲೋ ಪರಿಹಾರವಾಗುತ್ತವೆ. ಉಳಿದವನ್ನು ಮನೆಯಲ್ಲಿ ಮುಟ್ಟಲೇಬಾರದು. ಯಾವುದು ಯಾವ ಗುಂಪಿನದು ಎಂದು ಗುರುತಿಸುವುದೇ ಈ ಲೇಖನದ ಕೆಲಸ.

ಯಾವ ಕೋವಿ, ಯಾರ ಕೈಯಲ್ಲಿ

ಕೊಡಗಿನವರ ಕೋವಿಗೆ ಬೇರೆ ಕಡೆ ಇಲ್ಲದ ಒಂದು ಚರಿತ್ರೆಯಿದೆ. 1857ರ ದಂಗೆಯ ನಂತರ ದೇಶವಿಡೀ ಜನರ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ಅದರಿಂದ ಹೊರಗಿಟ್ಟ. ಆ ವಿನಾಯಿತಿ ಒಂದಲ್ಲ ಒಂದು ರೂಪದಲ್ಲಿ ಇಂದಿಗೂ ನಡೆದುಬಂದಿದೆ. ಕೊಡವರಿಗೆ ಮತ್ತು ಜಮ್ಮಾ, ಅಂದರೆ ವಂಶಪಾರಂಪರ್ಯದ ಭೂಮಿಯ, ಹಿಡುವಳಿದಾರರಿಗೆ ಕೊಟ್ಟ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರ್‌ನಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು.

'ಜಮ್ಮಾ ಹಿಡುವಳಿದಾರರು' ಎಂಬ ಮಾತು ಸಂಪಾಜೆಯ ಕಡೆಯವರಿಗೆ ಮುಖ್ಯ. ಅರೆಭಾಷೆಯಾಡುವ ಗೌಡರೇ ಹೆಚ್ಚಿರುವ ಈ ಸೀಮೆಯಲ್ಲಿ ವಿನಾಯಿತಿ ಜಾತಿಯ ಜೊತೆ ಬರುವುದಲ್ಲ, ಜಮ್ಮಾ ಭೂಮಿಯ ಜೊತೆ ಬರುವುದು. ಜಮ್ಮಾ ಇಲ್ಲದವರಿಗೆ ಉಳಿದ ಕರ್ನಾಟಕದವರಂತೆ 1959ರ ಆಯುಧ ಕಾಯ್ದೆಯ ಲೈಸೆನ್ಸೇ ಬೇಕು. ಅಡಿಕೆ ತೋಟದ ಬೆಳೆರಕ್ಷಣೆಗೆ ಪಡೆಯುವುದೂ ಅದನ್ನೇ.

ಇನ್ನೊಂದು ಸಂಗತಿ ಗಡಿಯದು. ಸಂಪಾಜೆ ಎಂಬ ಹೆಸರಿನ ಊರು ಕೊಡಗಿನಲ್ಲೂ ಇದೆ, ದಕ್ಷಿಣ ಕನ್ನಡದಲ್ಲೂ ಇದೆ. 1834ಕ್ಕೆ ಮೊದಲು ಸುಳ್ಯ ಸೀಮೆಯೂ ಕೊಡಗಿನ ಅರಸರದೇ ಆಗಿತ್ತು. ಬ್ರಿಟಿಷರು ರಾಜ್ಯ ಕಿತ್ತುಕೊಂಡ ಮೇಲೆ ಗೆರೆ ಎಳೆದರು. ಇವತ್ತು ಸಂತೆಗೂ ಆಸ್ಪತ್ರೆಗೂ ದಿನಕ್ಕೆರಡು ಸಲ ದಾಟುವ ಆ ಗೆರೆಯನ್ನು ಕೋವಿ ಹಿಡಿದು ದಾಟಿದರೆ ಲೆಕ್ಕ ಬೇರೆಯಾಗುತ್ತದೆ. ಜಿಲ್ಲೆಯ ಹೊರಗೆ ವಿನಾಯಿತಿಗೆ ಮಿತಿಯುಂಟು: ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ಸಾದಾ ನಳಿಗೆಯ ಕೋವಿ, ಅದಕ್ಕೆ 500 ತೋಟೆ. ರಿಪೇರಿಗೆಂದು ಮಂಗಳೂರಿಗೋ ಮೈಸೂರಿಗೋ ಒಯ್ಯುವಾಗ ವಿನಾಯಿತಿ ಪತ್ರವೋ ಲೈಸೆನ್ಸೋ ಕೋವಿಯ ಜೊತೆಯಲ್ಲೇ ಇರಲಿ, ಮನೆಯ ಪೆಟ್ಟಿಗೆಯಲ್ಲಲ್ಲ.

ಅಮೆರಿಕದಲ್ಲಿ ಹವ್ಯಾಸಿಗಳು ಹಳೆಯ ಬ್ರೌನಿಂಗ್ ಮೆಷಿನ್‌ಗನ್ನಿನ ಬಿಡಿಭಾಗ ತಂದು, ಬೆಲ್ಟಿನಿಂದ ತೋಟೆ ಉಣ್ಣುವ, ಟ್ರಿಗರ್ ಒಮ್ಮೆ ಎಳೆದರೆ ಒಂದೇ ಈಡು ಹಾರುವ ಅರೆ ಸ್ವಯಂಚಾಲಿತ ರೈಫಲ್ ಕಟ್ಟಿಸಿಕೊಳ್ಳುವುದುಂಟು. ನಮ್ಮಲ್ಲಿ ಅಂಥದ್ದು ಸಾಮಾನ್ಯ ನಾಗರಿಕರ ಕೈಗೆ ಬರುವ ಮಾತೇ ಇಲ್ಲ. ಕೊಡಗಿನ ಮನೆಗಳಲ್ಲಿ ಕಾಣುವುದು ಒಂಟಿನಳಿಗೆ ಅಥವಾ ಜೋಡುನಳಿಗೆಯ ಹನ್ನೆರಡು ಬೋರಿನ ತೋಟೆಕೋವಿ, ಅಜ್ಜನ ಕಾಲದ ಕೇಪಿನ ಕೋವಿ, ಅಲ್ಲೊಂದು ಇಲ್ಲೊಂದು ರೈಫಲ್. ಆದರೂ ಆ ಯಂತ್ರದಿಂದ ಒಂದು ಪಾಠ ಕಲಿಯುವುದಿದೆ.

ಆರು ಹೆಜ್ಜೆಯ ಲೆಕ್ಕ

ಯಾವ ಕೋವಿಯೇ ಆಗಲಿ ಒಂದು ಈಡಿಗೆ ಆರು ಹೆಜ್ಜೆ ಇಡಬೇಕು. ತೋಟೆ ಒಳಹೋಗಬೇಕು, ಹಿಂಬಾಗಿಲು ಭದ್ರವಾಗಿ ಮುಚ್ಚಬೇಕು, ಪಿನ್ನು ತೋಟೆಯ ಬುಡದ ಕೇಪಿಗೆ ಹೊಡೆಯಬೇಕು, ಬಾಗಿಲು ತೆರೆಯಬೇಕು, ಖಾಲಿ ತೋಟೆ ಹೊರಬರಬೇಕು, ಪಿನ್ನಿಗೆ ಬಡಿಯುವ ಕುದುರೆ ಮತ್ತೆ ಏರಬೇಕು. 1880ರ ದಶಕದಲ್ಲಿ ಹೈರಮ್ ಮ್ಯಾಕ್ಸಿಮ್ ಕಂಡುಕೊಂಡದ್ದು ಇಷ್ಟೇ: ಈಡಿನ ಹಿಂದೊದೆತದ ಬಲದಿಂದಲೇ ಈ ಆರೂ ಹೆಜ್ಜೆ ಇಡಿಸಬಹುದು ಎಂದು. ಬೆಲ್ಟಿನ ಬಂದೂಕು ನಡುವೆ ಸಿಕ್ಕಿಕೊಂಡರೆ ಅದನ್ನು ಬಲ್ಲವರು ಮೊದಲು ಕೇಳುವ ಪ್ರಶ್ನೆ 'ಎಷ್ಟನೆಯ ಹೆಜ್ಜೆಯಲ್ಲಿ ನಿಂತಿತು?' ಎಂಬುದು.

ನಮ್ಮ ಜೋಡುನಳಿಗೆಯಲ್ಲಿ ಆ ಹೆಜ್ಜೆಗಳನ್ನು ಬಹುಪಾಲು ನಮ್ಮ ಕೈ ಇಡುತ್ತದೆ. ಹಾಗಾಗಿ ತೊಂದರೆ ಎಲ್ಲಿದೆ ಎಂದು ಕೈಗೇ ಮೊದಲು ತಿಳಿಯುತ್ತದೆ. 'ಕೋವಿ ಹಾಳಾಗಿದೆ' ಎನ್ನುವ ಬದಲು 'ಮುಚ್ಚುವಾಗ ಬಿಗಿ', 'ಎಡನಳಿಗೆ ಮಾತ್ರ ಹಾರುತ್ತಿಲ್ಲ', 'ಖಾಲಿ ತೋಟೆ ಬರುತ್ತಿಲ್ಲ' ಎಂದು ಹೇಳಬಲ್ಲವನು ಅರ್ಧ ರಿಪೇರಿ ಮುಗಿಸಿದ ಹಾಗೆ.

ಹೊಸ ಕೋವಿ ಮನೆಗೆ ಬಂದಾಗ

ಹೊಸ ಜೋಡುನಳಿಗೆ ಎತ್ತಿನ ಹಾಗೆ; ಮೊದಲ ದಿನವೇ ನೊಗಕ್ಕೆ ಒಗ್ಗುವುದಿಲ್ಲ. ತೆರೆಯಲು ಮುಚ್ಚಲು ಬಿಗಿ ಇರುವುದು ದೋಷವಲ್ಲ. ಬಿಜಾಗರಿಯ ಉಕ್ಕಿನ ಮೈಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವವರೆಗೆ ಹಾಗೇ ಇರುತ್ತದೆ. ಅದನ್ನು ಮೊಣಕಾಲಿಗೆ ಬಡಿದು ತೆರೆಯುವುದು, ಸಿನಿಮಾದಲ್ಲಿ ಮಾಡುವ ಹಾಗೆ ಒಂದೇ ಕೈಯಲ್ಲಿ ಝಾಡಿಸಿ ಮುಚ್ಚುವುದು ಎರಡೂ ಬೇಡ. ಹಾಗೆ ಮಾಡಿದರೆ ಹತ್ತು ವರ್ಷಕ್ಕೆ ಸವೆಯಬೇಕಾದ ಬೀಗ ಒಂದೇ ವರ್ಷಕ್ಕೆ ಸವೆಯುತ್ತದೆ.

ಮೊದಲ ಕೆಲಸ ಕಾರ್ಖಾನೆಯ ಗ್ರೀಸು ತೆಗೆಯುವುದು. ಅದು ಗೋದಾಮಿನಲ್ಲಿ ತುಕ್ಕು ಹಿಡಿಯದಿರಲೆಂದು ಹಚ್ಚಿದ್ದು, ಈಡು ಹಾರಿಸಲಿಕ್ಕೆ ಹಚ್ಚಿದ್ದಲ್ಲ. ನಳಿಗೆಯೊಳಗೂ ತೋಟೆ ಕೂರುವ ಗೂಡಿನೊಳಗೂ ಒಣಬಟ್ಟೆ ಹಾಯಿಸಿ ಬಟ್ಟೆ ಬಿಳಿಯಾಗಿ ಬರುವವರೆಗೆ ಒರೆಸಬೇಕು. ಬಿಜಾಗರಿಗೂ ಬೀಗದ ಮೈಗೂ ಒಂದೊಂದು ತೊಟ್ಟು ಎಣ್ಣೆ ಸಾಕು.

ಎರಡನೆಯದು ಗೂಡಿನ ಉದ್ದ ತಿಳಿಯುವುದು. ಹನ್ನೆರಡು ಬೋರು ಎಂದರೆ ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮ ಉಂಡೆ ಮಾಡಿದರೆ ಒಂದು ಉಂಡೆ ಹಿಡಿಸುವ ನಳಿಗೆ. ಒಳ ಅಗಲ ಸುಮಾರು 18.5 ಮಿ.ಮೀ. ಆದರೆ ಗೂಡಿನ ಉದ್ದ ಎಲ್ಲ ಕೋವಿಯಲ್ಲೂ ಒಂದೇ ಅಲ್ಲ. ಹಳೆಯವು 65 ಮಿ.ಮೀ., ಈಚಿನವು ಸಾಮಾನ್ಯವಾಗಿ 70 ಮಿ.ಮೀ. ಇಲ್ಲೊಂದು ಮೋಸವಿದೆ. ತೋಟೆಯ ಬಾಯಿ ಮಡಚಿರುವುದರಿಂದ 70ರ ತೋಟೆ 65ರ ಗೂಡಿನೊಳಗೆ ಸಲೀಸಾಗಿ ಕೂರುತ್ತದೆ. ಹಾರಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಗೆಯ ಗಂಟಲಿನಲ್ಲಿ ಸಿಕ್ಕಿ ಒತ್ತಡ ಏರುತ್ತದೆ. 'ಒಳಗೆ ಹೋಯಿತಲ್ಲ' ಎಂಬುದು ಪುರಾವೆಯಲ್ಲ. ನಳಿಗೆಯ ಅಡಿಯ ಮುದ್ರೆಯನ್ನೂ ತೋಟೆಯ ಪೆಟ್ಟಿಗೆಯನ್ನೂ ಹೋಲಿಸಿ ನೋಡಬೇಕು. ಮುದ್ರೆ ಅಳಿಸಿದ್ದರೆ ಲೈಸೆನ್ಸುಳ್ಳ ಬಂದೂಕು ವ್ಯಾಪಾರಿಯ ಹತ್ತಿರ ಅಳತೆ ಮಾಡಿಸಬೇಕು.

ಮೂರನೆಯದು ಚರೆ ಎಲ್ಲಿ ಬೀಳುತ್ತದೆಂದು ನೋಡುವುದು. ದೊಡ್ಡ ಕಾಗದದ ಮೇಲೆ 30 ಅಂಗುಲದ ಸುತ್ತು ಬರೆದು 40 ಗಜ, ಅಂದರೆ ಸುಮಾರು 37 ಮೀಟರ್ ದೂರದಿಂದ ಒಂದೊಂದು ನಳಿಗೆಯಿಂದ ಮೂರು ಮೂರು ಈಡು, ಪ್ರತಿಯೊಂದಕ್ಕೂ ಬೇರೆ ಕಾಗದ. ಬಾಯಿ ಬಿಗಿಯಾದ, ಅಂದರೆ ಫುಲ್ ಚೋಕಿನ ನಳಿಗೆ ತನ್ನ ಚರೆಯಲ್ಲಿ ಶೇ. 70ರಷ್ಟನ್ನು ಸುತ್ತಿನೊಳಗೆ ಹಾಕಬೇಕು. ಚೋಕಿಲ್ಲದ ನೇರ ನಳಿಗೆ ಶೇ. 40ರಷ್ಟು. ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಬಲನಳಿಗೆ ಸಡಿಲು, ಎಡನಳಿಗೆ ಬಿಗಿ. ಒಂದೇ ಕೋವಿಗೆ ಒಂದು ಬಗೆಯ ತೋಟೆ ಒಗ್ಗಿ ಇನ್ನೊಂದು ಒಗ್ಗದಿರಬಹುದು. ತೋಟೆಯ ಹೆಸರನ್ನೂ ಚರೆಯ ನಂಬರನ್ನೂ ಕಾಗದದ ಮೇಲೆ ಬರೆದಿಟ್ಟರೆ ಮುಂದೆ ಅದೇ ಕೋವಿಯ ಜಾತಕ.

ಇದನ್ನು ಎಲ್ಲಿ ಮಾಡಬೇಕು ಎಂಬುದು ಹೇಗೆ ಮಾಡಬೇಕೆಂಬುದಕ್ಕಿಂತ ದೊಡ್ಡದು. ರೇಂಜ್ ಸಿಕ್ಕಿದರೆ ಅದೇ ಒಳ್ಳೆಯದು. ಚರೆಯ ವ್ಯಾಸ ಅಂಗುಲದಲ್ಲಿ ಎಷ್ಟಿದೆಯೋ ಅದನ್ನು 2200ರಿಂದ ಗುಣಿಸಿದರೆ ಅದು ಹೆಚ್ಚೆಂದರೆ ಎಷ್ಟು ಗಜ ಹೋಗಬಹುದೆಂಬ ಅಂದಾಜು ಸಿಗುತ್ತದೆ. ಅಂಗುಲದ ಹತ್ತನೇ ಒಂದು ಭಾಗದ ಸಣ್ಣ ಚರೆಯೂ 220 ಗಜ ಹೋಗುತ್ತದೆ. ದಪ್ಪ ಚರೆ 600 ಗಜದ ಹತ್ತಿರ. ಸಂಪಾಜೆಯ ಇಳಿಜಾರಿನಲ್ಲಿ ನಮ್ಮ ತೋಟದ ಕೆಳಗೆ ಇನ್ನೊಬ್ಬರ ಮನೆ, ಅದರ ಕೆಳಗೆ ಹೆದ್ದಾರಿ. ಗುರಿಯ ಹಿಂದೆ ಎತ್ತರದ ಮಣ್ಣಿನ ದರೆ ಇಲ್ಲದಿದ್ದರೆ ಅಲ್ಲಿ ಕೋವಿ ಎತ್ತಲೇಬಾರದು.

ಕೈಕೊಟ್ಟಾಗ

ಯಾವ ತೊಂದರೆಯಾದರೂ ಮೊದಲ ನಿಯಮ ಒಂದೇ: ಬಾಯಿ ಆಪತ್ತಿಲ್ಲದ ದಿಕ್ಕಿಗೆ, ಬೆರಳು ಟ್ರಿಗರಿನಿಂದ ಹೊರಗೆ. ಆಮೇಲೆ ಯೋಚನೆ.

*ತೋಟೆ ಒಳಹೋಗುತ್ತಿಲ್ಲ.* ಕಾಗದದ ತೋಟೆಯಾದರೆ ತೇವ ಕುಡಿದು ಉಬ್ಬಿದೆ. ಪ್ಲಾಸ್ಟಿಕ್ಕಿನದಾದರೆ ಹಿತ್ತಾಳೆಯ ಬುಡದ ಮೇಲೆ ಹಸಿರು ಕಿಲುಬು ನೋಡಿ. ಹೊಸ ತೋಟೆ ಸಲೀಸಾಗಿ ಹೋದರೆ ತಪ್ಪು ತೋಟೆಯದು. ಅದೂ ಹೋಗದಿದ್ದರೆ ಗೂಡು ಕೊಳೆಯಾಗಿದೆ, ಒರೆಸಿ. ಉಬ್ಬಿದ್ದನ್ನು ಬಿಸಿಲಿಗಿಟ್ಟು ಒಲೆಯ ಮೇಲಿಟ್ಟು ಒಣಗಿಸುವ ಉಪಾಯ ಬೇಡ. ಹೊರಗೆ ಒಣಗಿದ್ದು ಒಳಗೂ ಒಣಗಿದೆ ಎನ್ನುವಂತಿಲ್ಲ. ಹಾಳಾದವನ್ನು ಬಂದೂಕು ವ್ಯಾಪಾರಿಗೆ ಒಪ್ಪಿಸಿ.

*ಟಕ್ ಎಂದಿತು, ಹಾರಲಿಲ್ಲ.* ಇದೇ ಎಲ್ಲಕ್ಕಿಂತ ಅಪಾಯದ ಗಳಿಗೆ. ಕೇಪು ತೇವವಾಗಿದ್ದರೆ ಕಿಡಿ ನಿಧಾನ ಹರಿದು ಕೆಲವು ಕ್ಷಣದ ನಂತರ ಹಾರುವುದುಂಟು. ಬಾಯಿ ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡು ಕಾಯಬೇಕು. ಆಮೇಲೆ ಮುಖ ಪಕ್ಕಕ್ಕೆ ಸರಿಸಿ ತೆರೆಯಬೇಕು. ಹೊರಬಂದ ತೋಟೆಯ ಬುಡವೇ ಕಾರಣ ಹೇಳುತ್ತದೆ. ಕೇಪಿನ ನಡುವೆ ಆಳವಾದ ಗುಳಿಯಿದ್ದರೆ ಕೋವಿ ತನ್ನ ಕೆಲಸ ಮಾಡಿದೆ, ಕೆಟ್ಟದ್ದು ತೋಟೆ. ಗುಳಿ ಆಳವಿಲ್ಲದಿದ್ದರೆ ಅಥವಾ ಓರೆಯಾಗಿದ್ದರೆ ತಪ್ಪು ಕೋವಿಯದು: ಸ್ಪ್ರಿಂಗು ಸೋತಿದೆ, ಪಿನ್ನು ಸವೆದಿದೆ, ಅಥವಾ ಒಳಗಿನ ಎಣ್ಣೆ ದೂಳು ಸೇರಿ ಮೇಣವಾಗಿ ಪಿನ್ನನ್ನು ಹಿಡಿದಿದೆ. ವರ್ಷಗಟ್ಟಲೆ ತೆಂಗಿನೆಣ್ಣೆ ಬಿಟ್ಟ ಕೋವಿಗಳಲ್ಲಿ ಮೂರನೆಯದು ಸಾಮಾನ್ಯ. ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗುವುದನ್ನು ಬಚ್ಚಲಿನಲ್ಲಿ ನೋಡಿಲ್ಲವೇ? ಬೀಗದೊಳಗೂ ಅದೇ ಆಗುತ್ತದೆ.

*ಸದ್ದು ಕುಗ್ಗಿತು.* ಢಂ ಎನ್ನಬೇಕಾದದ್ದು ಫುಸ್ ಎಂದರೆ ಎರಡನೆಯ ಈಡಿನ ಯೋಚನೆಯನ್ನೇ ಬಿಡಬೇಕು. ಮದ್ದು ಪೂರ್ತಿ ಉರಿಯದೆ ಚರೆಯೋ ಬಿರಡೆಯೋ ನಳಿಗೆಯ ನಡುವೆ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಈಡು ಹಾರಿದರೆ ನಳಿಗೆ ಒಡೆಯುತ್ತದೆ, ನಳಿಗೆಯ ಕೆಳಗಿರುವುದು ನಮ್ಮದೇ ಎಡಗೈ. ತೋಟೆ ತೆಗೆದು ಹಿಂದಿನಿಂದ ಬೆಳಕು ನೋಡಿ. ಪೂರ್ತಿ ಸುತ್ತು ಬೆಳಕು ಕಾಣದಿದ್ದರೆ ಕೋವಿಗೆ ಅವತ್ತಿನ ಮಟ್ಟಿಗೆ ರಜೆ.

ಬೆಳಕು ನೋಡುವ ಈ ಅಭ್ಯಾಸಕ್ಕೆ ಮಲೆನಾಡಿನಲ್ಲಿ ಇನ್ನೊಂದು ಕಾರಣವಿದೆ. ಕುಂಬಾರ ಹುಳು ಬೀಗದ ತೂತಾದರೂ ಸರಿ, ಕೋವಿಯ ನಳಿಗೆಯಾದರೂ ಸರಿ, ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಆ ಹಿಡಿ ಮಣ್ಣು ನಳಿಗೆ ಸೀಳಲು ಸಾಕು. ಇನ್ನೂ ಕೆಟ್ಟದ್ದು ತಪ್ಪು ತೋಟೆ. ಇಪ್ಪತ್ತು ಬೋರಿನ ಸಣ್ಣ ತೋಟೆ ಹನ್ನೆರಡರ ಗೂಡಿಗೆ ಬಿದ್ದರೆ ಜಾರಿ ಮುಂದೆ ಹೋಗಿ ನಿಲ್ಲುತ್ತದೆ, ಗೂಡು ಖಾಲಿಯಾಗಿ ಕಾಣುತ್ತದೆ. ಎರಡು ಬೋರಿನ ತೋಟೆ ಒಂದೇ ಜೇಬಿನಲ್ಲಿ, ಒಂದೇ ಡಬ್ಬಿಯಲ್ಲಿ ಇರಕೂಡದು.

*ಖಾಲಿ ತೋಟೆ ಹೊರಬರುತ್ತಿಲ್ಲ.* ಗೂಡಿನಲ್ಲಿ ತುಕ್ಕಿನ ಚುಕ್ಕಿಯಿದ್ದರೆ ಹಾರಿದಾಗ ಹಿಗ್ಗಿದ ತೋಟೆ ಅದಕ್ಕೆ ಕಚ್ಚಿಕೊಳ್ಳುತ್ತದೆ. ಒರೆಸುವ ಕೋಲನ್ನು ಬಾಯಿಂದ ಇಳಿಸಿ ಮೆಲ್ಲನೆ ತಳ್ಳಬಹುದು, ಆದರೆ ಅದು ಹಾರಿದ ತೋಟೆ ಎಂದು ಖಾತ್ರಿಯಿದ್ದರೆ ಮಾತ್ರ. ಹಾರದ ತೋಟೆ ಸಿಕ್ಕಿಕೊಂಡರೆ ಮುಟ್ಟದೆ ತಿಳಿದವರನ್ನು ಕರೆಸಿ.

*ಒಂದು ಎಳೆದರೆ ಎರಡೂ ಹಾರಿದವು. ಬುಡ ತಾಗಿದರೆ ಕುದುರೆ ಬಿತ್ತು. ತೆರೆದು ಮುಚ್ಚುವ ಜಾಗ ಗಡಗಡ ಅಲ್ಲಾಡುತ್ತದೆ.* ಈ ಮೂರಕ್ಕೂ ಮನೆಮದ್ದಿಲ್ಲ. ಮೊದಲೆರಡು ಕುದುರೆಯನ್ನು ಹಿಡಿದಿಡುವ ಕೊಕ್ಕೆ ಸವೆದದ್ದರ ಗುರುತು, ಮೂರನೆಯದು ಬಿಜಾಗರಿಯ ಗೂಟ ಸವೆದದ್ದರ ಗುರುತು. ಮುಚ್ಚಿದ ಕೋವಿಯ ನಳಿಗೆಗೂ ಹಿಂದಿನ ಗೋಡೆಗೂ ನಡುವೆ ತೆಳು ಕಾಗದ ತೂರಿದರೆ ಅದು ಈಡಿಗೆ ತಕ್ಕ ಸ್ಥಿತಿಯಲ್ಲಿ ಇಲ್ಲ. ನೇರ ಕೋವಿ ರಿಪೇರಿಯವರಲ್ಲಿಗೆ.

ಅಜ್ಜನ ಕೇಪಿನ ಕೋವಿ

ಬಾಯಿಂದ ಮದ್ದು ತುಂಬಿ, ತೆಂಗಿನ ನಾರು ಜಡಿದು, ಕೇಪು ಸಿಕ್ಕಿಸಿ ಹಾರಿಸುವ ಕೋವಿಯ ಶತ್ರು ಅದರ ಮದ್ದೇ. ಕರಿಮದ್ದು ಉರಿದು ಉಳಿಯುವ ಕಿಟ್ಟ ಗಾಳಿಯ ತೇವವನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ. ಎಣ್ಣೆ ಬಟ್ಟೆಯಿಂದ ಅದು ಹೋಗುವುದಿಲ್ಲ. ಬಿಸಿನೀರು ಹಾಯಿಸಿ ತೊಳೆದು, ಕೂಡಲೇ ಒಣಗಿಸಿ, ಆಮೇಲೆ ಎಣ್ಣೆ. ಕೇಪು ಹೊಡೆದೂ ಹಾರದಿದ್ದರೆ ಬಹುಪಾಲು ಕಿಡಿ ಹೋಗುವ ಸಣ್ಣ ತೂತು ಕಿಟ್ಟದಿಂದ ಮುಚ್ಚಿರುತ್ತದೆ. ಇಲ್ಲಿ ಕಾಯುವ ಹೊತ್ತು ಇನ್ನೂ ಹೆಚ್ಚು ಬೇಕು, ಮತ್ತು ತುಂಬಿದ ಕೋವಿಯ ಬಾಯಿಗೆ ಇಣುಕುವ ಕೆಲಸ ಯಾವ ಕಾಲಕ್ಕೂ ಬೇಡ. ಇಂದಿನ ಹೊಗೆರಹಿತ ಮದ್ದನ್ನು ಇದಕ್ಕೆ ತುಂಬುವುದು ಸಾವಿನ ಜೊತೆ ಪಂಥ. ನಳಿಗೆಯ ಮೇಲೆ ಅಲೆಅಲೆಯಾದ ಗೆರೆ ಕಾಣುವ, ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಹಳೆಯ ತೋಟೆಕೋವಿಗೂ ಇದೇ ಮಾತು: ಪರೀಕ್ಷೆ ಮಾಡಿಸದೆ ಇಂದಿನ ತೋಟೆ ಹಾಕಕೂಡದು.

ಮಳೆಗಾಲದ ದಿನಚರಿ

ಚರ್ಮದ ಚೀಲ, ಉಣ್ಣೆಯ ಕವರು ನೋಡಲು ಚೆಂದ. ಜುಲೈ ತಿಂಗಳಲ್ಲಿ ಅವು ಒದ್ದೆ ಕಂಬಳಿಯ ಹಾಗೆ. ಕೋವಿಯನ್ನು ಕವರಿನಿಂದ ತೆಗೆದು ಗಾಳಿಯಾಡುವ, ಬೀಗವಿರುವ ಕಪಾಟಿನಲ್ಲಿಡಿ. ತೋಟೆ ಬೇರೆ ಕಡೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ. ತಿಂಗಳಿಗೆ ಎರಡು ಸಲ ತೆಗೆದು ಒಣಬಟ್ಟೆಯಿಂದ ಒರೆಸಿ, ತೆಳ್ಳಗೆ ಕೋವಿಯೆಣ್ಣೆ ಹಚ್ಚಿ. ಬೆವರಿನ ಉಪ್ಪು ಉಕ್ಕಿನ ಮೇಲೆ ಬೆರಳಚ್ಚನ್ನೇ ತುಕ್ಕಾಗಿ ಬಿಡಿಸುತ್ತದೆ, ಕೊನೆಯ ಒರೆಸು ಕೈ ತಾಗಿದ ಜಾಗಕ್ಕೆ. ಹಾರಿಸುವ ಮೊದಲು ನಳಿಗೆಯ ಎಣ್ಣೆ ಪೂರ್ತಿ ತೆಗೆಯಿರಿ. ಚುನಾವಣೆಗೆಂದು ಠಾಣೆಯಲ್ಲಿಡುವ ಆದೇಶ ಬಂದರೆ ಎಣ್ಣೆ ಹಚ್ಚಿಯೇ ಕೊಡಿ, ನಂಬರು ಬರೆದ ರಶೀದಿ ಪಡೆಯಿರಿ, ವಾಪಸು ತಂದ ದಿನವೇ ಬೆಳಕು ನೋಡಿ.

ಕಾನೂನಿನ ಬೇಲಿ

ಒರೆಸುವುದು ಮಾಲೀಕನ ಕೆಲಸ. ಕೋವಿ ರಿಪೇರಿಯನ್ನು ಕಸುಬಾಗಿ ಮಾಡಲು ಲೈಸೆನ್ಸ್ ಬೇಕು, ಅದು ಆಯುಧ ಕಾಯ್ದೆಯ 5ನೇ ಕಲಮು. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದನ್ನು 6ನೇ ಕಲಮು ತಡೆಯುತ್ತದೆ. ಊರಿನ ಕಮ್ಮಾರ ಎಷ್ಟೇ ಕೈಚಳಕದವನಾಗಿರಲಿ, ಕೋವಿಯ ಬೀಗ ಬಿಚ್ಚಲು ಅವನಿಗೆ ಕೊಟ್ಟರೆ ಇಬ್ಬರೂ ಸಿಕ್ಕಿಬೀಳುತ್ತಾರೆ. 2019ರ ತಿದ್ದುಪಡಿ ಒಬ್ಬರ ಲೈಸೆನ್ಸಿಗೆ ಎರಡೇ ಕೋವಿ ಎಂದಿತು, ಮತ್ತು ಮದುವೆ ಸಮಾರಂಭಗಳಲ್ಲಿ ಅಜಾಗರೂಕತೆಯಿಂದ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಎಂದಿತು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಿಗೆ ಎರಡು, ಪುತ್ತರಿ ಹಬ್ಬದ ಕದಿರು ಕೊಯ್ಯುವಾಗ ಒಂದು ಎಂಬ ಸಂಪ್ರದಾಯ ಇರುವ ನಾಡಿನಲ್ಲಿ ಇದನ್ನು ನೆನಪಿಡುವುದು ಹೆಚ್ಚು ಅಗತ್ಯ. ಬೆಳೆರಕ್ಷಣೆಯ ಲೈಸೆನ್ಸ್ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೋಟದೊಳಗೂ ನಡೆಯುತ್ತದೆ, ಮತ್ತು ಪುಷ್ಪಗಿರಿ, ತಲಕಾವೇರಿ ಧಾಮಗಳೊಳಗೆ ಅನುಮತಿಯಿಲ್ಲದೆ ಕೋವಿ ಒಯ್ಯುವುದೇ ಅಪರಾಧ.

ಕೈಲ್‌ಮುಹೂರ್ತದ ದಿನ ಕೋವಿಯ ಬಾಯಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಕೈಮುಗಿಯುತ್ತೇವೆ. ಹೂ ಸಿಕ್ಕಿಸುವ ಮೊದಲು ಕೋವಿಯನ್ನು ತೆರೆಯಿರಿ, ತೋಟೆ ಇಲ್ಲವೆಂದು ಎರಡು ಸಲ ನೋಡಿ, ಆ ಬಾಯಿಂದ ಈ ಬಾಯಿಗೆ ಒಮ್ಮೆ ಬೆಳಕು ಹಾಯಲಿ. ಪೂಜೆ ಮುಗಿದು ಹೂ ತೆಗೆದ ಮೇಲೂ ಇನ್ನೊಮ್ಮೆ ನೋಡಿ. ಒಂದು ಎಸಳು ಒಳಗೆ ಉಳಿದಿರಬಹುದು.